ಗುಂಟೂರಿಗೆ ಸಲ್ಲದ ಕೀರ್ತಿ, ಸಲ್ಲಬೇಕಾದ ಕೀರ್ತಿ

ಆಗಸ್ಟ್ 18 ಬಂತೆಂದರೆ ಗುಂಟೂರಿನ ಹೆಸರು ದಿನವಿಶೇಷದ ಅಂಕಣಗಳಲ್ಲಿ ಕಾಣಿಸಿಕೊಳ್ಳುತ್ತದೆ. 1868ರ ಆ ದಿನ ಖಗ್ರಾಸ ಸೂರ್ಯಗ್ರಹಣದ ಹೊತ್ತಿನಲ್ಲಿ ಫ್ರಾನ್ಸಿನ ಪಿಯರ್ ಜಾನ್ಸೆನ್ ಗುಂಟೂರಿನಿಂದ ಹೀಲಿಯಂ ಕಂಡುಹಿಡಿದರು ಎಂಬ ಒಂದೇ ಸಾಲು ಕ್ವಿಜ್ ಪುಸ್ತಕಗಳಿಂದ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಿಗೆ, ಅಲ್ಲಿಂದ ಭಾಷಣಗಳಿಗೆ ಹರಿದಾಡುತ್ತದೆ. ಈ ಸಾಲು ತಪ್ಪು. ಬರೀ ತಪ್ಪಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಇದು ಗುಂಟೂರಿಗೆ ಸಲ್ಲದ್ದನ್ನು ಕೊಟ್ಟು, ಅಲ್ಲಿ ನಿಜವಾಗಿ ನಡೆದ ಇನ್ನೂ ದೊಡ್ಡ ಕೆಲಸವನ್ನು ಮುಚ್ಚಿಹಾಕಿದೆ. ಆಕಾಶದಲ್ಲಿ ಕಂಡದ್ದನ್ನು ವರದಿ ಮಾಡುವುದೆಂದರೇನು ಎಂಬ ನಮ್ಮ ತಿಳಿವಳಿಕೆಯನ್ನೇ ಕೆಡಿಸಿದೆ.

ಆ ಗ್ರಹಣದ ನೆರಳು ದಖ್ಖನ್ ದಾಟಿದ್ದು ಹೆಚ್ಚುಕಡಿಮೆ ಕೃಷ್ಣೆಯ ಆಸುಪಾಸಿನಲ್ಲೇ. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ವನಪರ್ತಿಯಲ್ಲಿ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು, ಗುಂಟೂರಿನಲ್ಲಿ ಜಾನ್ಸೆನ್ ಮತ್ತು ಮೇಜರ್ ಟೆನಂಟ್, ಮಚಲೀಪಟ್ಟಣದಲ್ಲಿ ಸರ್ಕಾರಿ ಖಗೋಳಜ್ಞ ನಾರ್ಮನ್ ಪಾಗ್ಸನ್. ಗ್ರಹಣ ಎಲ್ಲಿ, ಯಾವಾಗ, ಎಷ್ಟು ನಿಮಿಷ ಎಂಬುದನ್ನು ಮೊದಲೇ ಲೆಕ್ಕ ಹಾಕಿದ್ದರಿಂದಲೇ ಇವರೆಲ್ಲ ಮಳೆಗಾಲದ ನಡುವೆ ಪೆಟ್ಟಿಗೆಗಟ್ಟಲೆ ಉಪಕರಣ ಸಾಗಿಸಿ ಕಾದು ಕೂತಿದ್ದರು. ಹೊತ್ತನ್ನು ಮುಂಚಿತವಾಗಿ ಹೇಳುವ ಆ ಗಣಿತ ಅಷ್ಟು ಹೊತ್ತಿಗೆ ಪಕ್ವವಾಗಿತ್ತು. ಕಂಡದ್ದು ಏನು ಎಂದು ಹೇಳುವ ವಿದ್ಯೆ ಮಾತ್ರ ಇನ್ನೂ ಹಸಿಯಾಗಿತ್ತು.

ಕತೆಯೆಲ್ಲ ಒಂದು ಹಳದಿ ಗೆರೆಯ ಮೇಲೆ ನಿಂತಿದೆ. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದಾಗ ಅಂಚಿನಿಂದ ಕೆಂಪು ಜ್ವಾಲೆಗಳು ಎದ್ದು ಕಾಣುತ್ತವೆ. ಅವುಗಳ ಬೆಳಕನ್ನು ರೋಹಿತದರ್ಶಕದಲ್ಲಿ ಹಾಯಿಸಿದಾಗ ಎಡೆಬಿಡದ ಬಣ್ಣದ ಪಟ್ಟಿಯ ಬದಲು ಬಿಡಿಬಿಡಿ ಹೊಳೆವ ಗೆರೆಗಳು ಕಂಡವು. ಹಾಗಾದರೆ ಜ್ವಾಲೆಗಳು ಉರಿವ ಅನಿಲ. ಕೆಂಪು ಗೆರೆಯೂ ನೀಲಿ ಗೆರೆಯೂ ಹೈಡ್ರೋಜನ್ನಿನವು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಳದಿಯ ಗೆರೆಯನ್ನು ಜಮಖಂಡಿಯ ಹರ್ಷೆಲ್ ಕಂಡರು, ಅದನ್ನು ಸೋಡಿಯಂನ ‘ಡಿ’ ಗೆರೆ ಎಂದೇ ಗುರುತಿಸಿದರು. ಟೆನಂಟ್ ಕಂಡರು, ಅವರೂ ‘ಡಿ’ ಎಂದರು. ಬಿಜಾಪುರದಲ್ಲಿ ಹೇಗ್ ಕೈಯಲ್ಲಿ ಹಿಡಿಯುವ ಪುಟ್ಟ ಉಪಕರಣದಲ್ಲೇ ಹೊಂಬಣ್ಣದ ಒಂದು ಪಟ್ಟೆ ಕಂಡರು. ಪಾಗ್ಸನ್ನರೂ ‘ಡಿ’ಯ ಆಸುಪಾಸಿನಲ್ಲಿ ಹಳದಿ ಗೆರೆ ದಾಖಲಿಸಿದರು. ಇವರ ನಡುವೆ ಜಾನ್ಸೆನ್ನರ ವರದಿ ಒತ್ತಿ ಹೇಳಿದ್ದು ಹೈಡ್ರೋಜನ್ನಿನ ವಿಷಯ. ಹೊಸ ಧಾತುವಿನ ಸುದ್ದಿ ಅದರಲ್ಲಿಲ್ಲ.

ಇಷ್ಟು ಜನ ಕಂಡೂ ಯಾರೂ ಯಾಕೆ ಗುರುತಿಸಲಿಲ್ಲ? ಇಲ್ಲಿ ಸ್ವಲ್ಪ ನಿಲ್ಲಬೇಕು. ಸೋಡಿಯಂನ ಜೋಡಿ ಗೆರೆಗಳು ಬೀಳುವುದು 589.6 ಮತ್ತು 589.0 ನ್ಯಾನೊಮೀಟರಿನಲ್ಲಿ. ಹೀಲಿಯಂನ ಹಳದಿ ಗೆರೆ 587.6ರಲ್ಲಿ. ನಡುವಿನ ಅಂತರ ಒಂದೂವರೆ ನ್ಯಾನೊಮೀಟರಿಗೂ ಕಡಿಮೆ. ಐದಾರು ನಿಮಿಷದ ಕತ್ತಲು, ತೇಲುವ ಮೋಡ, ನಡುಗುವ ಕೈ. ಆದರೆ ನಿಜವಾದ ತೊಡಕು ಇದಾವುದೂ ಅಲ್ಲ. ಮಾಮೂಲಿ ಸೂರ್ಯನ ರೋಹಿತದಲ್ಲಿ ಕಪ್ಪು ಗೆರೆಗಳಿರುತ್ತವೆ. ‘ಡಿ’ಯೂ ಅಲ್ಲಿ ಕಪ್ಪು ಗೆರೆಯೇ. ಆ ಕಪ್ಪು ಗೆರೆಗಳೇ ಅಳತೆಪಟ್ಟಿ. ಸೂರ್ಯ ಪೂರ್ತಿ ಮುಚ್ಚಿಹೋದಾಗ ಅಳತೆಪಟ್ಟಿಯೂ ಅಳಿಸಿಹೋಗುತ್ತದೆ. ಕತ್ತಲಲ್ಲಿ ಹೊಳೆವ ಗೆರೆ ಒಂಟಿಯಾಗಿ ಉಳಿಯುತ್ತದೆ. ಪಕ್ಕದಲ್ಲಿಟ್ಟು ಹೋಲಿಸಲು ಏನೂ ಇಲ್ಲ. ಹಳದಿ ಎಂದರೆ ಆ ಕಾಲದ ಪ್ರತಿ ಪ್ರಯೋಗಾಲಯದಲ್ಲೂ ಮೊದಲು ನೆನಪಾಗುತ್ತಿದ್ದುದು ಸೋಡಿಯಂ. ಅವರು ಹಾಗೆಂದದ್ದು ಸಹಜ. ಹಾಗಾಗಿ ಗ್ರಹಣವನ್ನು ಹೀಲಿಯಂನ ತವರೆಂದು ಕೊಂಡಾಡುವುದು ವಿಷಯವನ್ನು ತಲೆಕೆಳಗು ಮಾಡಿದಂತೆ. ಅವತ್ತಿನ ಉಪಕರಣಗಳ ಮಟ್ಟಿಗೆ ಹೀಲಿಯಂ ಗುರುತಿಸಲು ತೀರ ಪ್ರತಿಕೂಲವಾದ ಗಳಿಗೆಯೆಂದರೆ ಪೂರ್ಣಗ್ರಹಣವೇ.

ಗುಂಟೂರಿನ ದೊಡ್ಡ ದಿನ ಆಗಸ್ಟ್ 18 ಅಲ್ಲ, 19. ಗ್ರಹಣದ ವೇಳೆ ಗೆರೆಗಳ ಹೊಳಪು ನೋಡಿದ ಜಾನ್ಸೆನ್ನರಿಗೆ, ಇವಿಷ್ಟು ಪ್ರಖರವಾಗಿದ್ದರೆ ಗ್ರಹಣವಿಲ್ಲದೆಯೂ ಕಾಣಬೇಕಲ್ಲ ಎನ್ನಿಸಿತು. ಮಧ್ಯಾಹ್ನ ಮೋಡ ಕವಿಯಿತು. ಮರುದಿನ ಬೆಳಗಾಗುತ್ತಲೇ, ಲೆಫೋಶೆ ಎಂಬ ಫ್ರೆಂಚ್ ವರ್ತಕನ ಮನೆಯಿಂದ, ದರ್ಶಕದ ಸೀಳುಗಂಡಿಯನ್ನು ಸೂರ್ಯನ ಅಂಚಿಗೆ ಹೊಂದಿಸಿದರು. ಕಂಡಿತು. ಒಳಗಿನ ತರ್ಕ ಬಹಳ ಸರಳ. ಹಗಲಿನ ಆಕಾಶದ ಬೆಳಕಿನಲ್ಲಿ ಎಲ್ಲ ಬಣ್ಣವೂ ಇದೆ. ಪಟ್ಟಕಗಳು ಅದನ್ನು ಉದ್ದಕ್ಕೆ ಹರಡಿದಷ್ಟೂ ತೆಳುವಾಗಿ ಮಂಕಾಗುತ್ತದೆ. ಜ್ವಾಲೆಯ ಬೆಳಕು ಒಂದೊಂದೇ ಗೆರೆಯಲ್ಲಿ ಕೂಡಿಕೊಂಡಿರುವುದರಿಂದ ಹರಡಿದರೂ ಮಂಕಾಗುವುದಿಲ್ಲ. ಅದುವರೆಗೆ ಹಡಗು ಹತ್ತಿ ಅರ್ಧ ಭೂಮಿ ಸುತ್ತಿ ಕೆಲವೇ ನಿಮಿಷ ನೋಡಬೇಕಾಗಿದ್ದ ದೃಶ್ಯ ಇನ್ನು ದಿನನಿತ್ಯದ ವೀಕ್ಷಣೆಯಾಯಿತು. ಬದಲಾಗುತ್ತಲೇ ಇರುವ ಜ್ವಾಲೆಗಳನ್ನು ಗಂಟೆಗಂಟೆಗೂ ಬರೆದಿಡಬಹುದಾಯಿತು. ಇದು ಹೀಲಿಯಂಗಿಂತ ಸಣ್ಣ ಸಾಧನೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇದೇ ಉಪಾಯವನ್ನು ಇಂಗ್ಲೆಂಡಿನ ನಾರ್ಮನ್ ಲಾಕಿಯರ್ 1866ರಲ್ಲೇ ಯೋಚಿಸಿದ್ದರು. ತಕ್ಕ ಉಪಕರಣ ಕೈಸೇರಿದ್ದು 1868ರ ಅಕ್ಟೋಬರದಲ್ಲಿ. 20ರಂದು ಗೆರೆಗಳು ಕಂಡವು. ಜಾನ್ಸೆನ್ ಸೆಪ್ಟೆಂಬರ್ 19ರಂದು ಕಾಕಿನಾಡದಿಂದ ಬರೆದ ಪತ್ರವೂ ಲಾಕಿಯರರ ಸುದ್ದಿಯೂ ಪ್ಯಾರಿಸಿನ ಅಕಾಡೆಮಿಯಲ್ಲಿ ಒಂದೇ ದಿನ, ಅಕ್ಟೋಬರ್ 26ರಂದು, ಓದಲ್ಪಟ್ಟವು. ಇಬ್ಬರ ಮುಖವನ್ನೂ ಒಟ್ಟಿಗೆ ಅಚ್ಚೊತ್ತಿದ ಪದಕ 1872ರಲ್ಲಿ ಹೊರಬಂತು. ಪದಕ ಗೌರವಿಸಿದ್ದು ಗ್ರಹಣವಿಲ್ಲದೆ ಜ್ವಾಲೆ ನೋಡುವ ಈ ಕ್ರಮವನ್ನು. ಮುಂದೆ ಬಂದ ಬರಹಗಾರರು ಅದನ್ನು ಹೀಲಿಯಂ ಪದಕವೆಂದು ಓದಿಕೊಂಡು ಇಬ್ಬರನ್ನೂ ಜಂಟಿ ಶೋಧಕರನ್ನಾಗಿ ಮಾಡಿಬಿಟ್ಟರು. ಹಳದಿ ಗೆರೆ ‘ಡಿ’ಯದಲ್ಲ ಎಂದು ತೋರಿಸಿದವರು ಲಾಕಿಯರ್. ಅವರಿಗೆ ಅದು ಸಾಧ್ಯವಾದದ್ದು ಹಗಲಿನ ಕಾರಣದಿಂದ: ಆಕಾಶದ ಬೆಳಕಿನ ಕಪ್ಪು ‘ಡಿ’ ಗೆರೆಗಳು ಹೊಳೆವ ಗೆರೆಯ ಪಕ್ಕದಲ್ಲೇ ಇದ್ದವು, ಎರಡೂ ಹೊಂದುವುದಿಲ್ಲವೆಂಬುದು ಕಣ್ಣೆದುರೇ ಇತ್ತು. ಅದೇ ಹಗಲು ಗುಂಟೂರಿನಲ್ಲಿ ಜಾನ್ಸೆನ್ನರಿಗೂ ಇತ್ತು. ಅವರು ಹಳದಿಯ ಬೆನ್ನು ಹತ್ತಲಿಲ್ಲ, ಅಷ್ಟೇ. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ, ಯುರೇನಿಯಂ ಅದಿರಿನಿಂದ ವಿಲಿಯಂ ರಾಮ್ಸೆಯವರಿಗೆ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್ ಹೀಲಿಯಂನ ಚರಿತ್ರೆಯ ಮೇಲೆ ಇಡೀ ಪುಸ್ತಕವನ್ನೇ ಬರೆದು ಈ ಗಂಟನ್ನು ಬಿಡಿಸಿದ್ದಾರೆ. ಅದಾದ ಮೇಲೂ ಹಳೆಯ ಸಾಲು ಹಾಗೇ ಅಚ್ಚಾಗುತ್ತಿದೆಯೆಂದರೆ ಅದು ಮಾಹಿತಿಯ ಕೊರತೆಯಲ್ಲ. ಹೀಗೆಂದಾಗ ಎದುರಾಗುವ ವಾದಗಳು ಎರಡು ಬಗೆಯವು. ಮಕ್ಕಳಿಗೆ ಹೆಮ್ಮೆ ಮೂಡುತ್ತದೆ, ಇರಲಿ ಬಿಡಿ ಎನ್ನುವುದು ಒಂದು. ಈ ಬಗೆಯ ಹೆಮ್ಮೆ ಎಲ್ಲಿಗೆ ಒಯ್ಯುತ್ತದೆ ನೋಡಿ: ಮಹಾರಾಷ್ಟ್ರದ ವಿಜಯದುರ್ಗ ಕೋಟೆಯಲ್ಲಿ ‘ಸಾಹೇಬನ ಕಟ್ಟೆ’ ಎಂಬ ಜಗಲಿಯಿದೆ. 1868ರಲ್ಲಿ ಲಾಕಿಯರ್ ಅಲ್ಲಿ ನಿಂತು ಹೀಲಿಯಂ ಕಂಡರೆಂದು ಅಲ್ಲಿಯೂ ಆಗಸ್ಟ್ 18ರಂದು ಹೀಲಿಯಂ ದಿನ ಆಚರಿಸುತ್ತಾರೆ. ಆ ವರ್ಷ ಲಾಕಿಯರ್ ಭಾರತಕ್ಕೆ ಬಂದೇ ಇರಲಿಲ್ಲ. ವಿಜಯದುರ್ಗಕ್ಕೆ ಅವರು ಬಂದದ್ದು 1898ರ ಜನವರಿ 22ರ ಗ್ರಹಣಕ್ಕೆ. ನಿಜವಾದ ಒಂದು ಭೇಟಿಯನ್ನು ಅಳಿಸಿ ಸುಳ್ಳು ಭೇಟಿಯನ್ನು ಬರೆದುಕೊಂಡರೆ ಹೆಮ್ಮೆ ಯಾವುದರ ಮೇಲೆ? ಇತ್ತ ನಮ್ಮ ಕಾಸರಗೋಡಿನ ಬೇಕಲ ಕೋಟೆಗೆ 1871ರ ಡಿಸೆಂಬರ್ 12ರ ಗ್ರಹಣ ನೋಡಲು ಅದೇ ಲಾಕಿಯರ್ ನಿಜವಾಗಿಯೂ ಬಂದಿದ್ದರು. ಆ ಮಾತನ್ನು ಎಷ್ಟು ಜನ ಕನ್ನಡಿಗರು ಕೇಳಿದ್ದಾರೆ?

ಎರಡನೆಯದು ಪಾಗ್ಸನ್ ಪಕ್ಷ. ಇವರು ಇನ್ನೂ ಓದಿಕೊಂಡವರು, ಆದ್ದರಿಂದ ಉತ್ತರವೂ ಹೆಚ್ಚು ಬೇಕು. ಪಾಗ್ಸನ್ನರ ವರದಿ ಮದರಾಸಿನಲ್ಲಿ ಅಚ್ಚಾಗಿ ಹೆಚ್ಚು ಕೈಗಳಿಗೆ ತಲುಪಲಿಲ್ಲ, ಅವರಿಗೆ ಅನ್ಯಾಯವಾಯಿತು, ಆದುದರಿಂದ ಶೋಧದ ಕಿರೀಟ ಮಚಲೀಪಟ್ಟಣಕ್ಕೆ ಸಲ್ಲಬೇಕು ಎನ್ನುತ್ತಾರೆ. ಅನ್ಯಾಯವಾದದ್ದು ನಿಜ. ನಕ್ಷತ್ರಗಳ ಕಾಂತಿಮಾನಕ್ಕೆ ಇಂದಿಗೂ ಬಳಸುವ 2.512ರ ಅನುಪಾತ ಕೊಟ್ಟ ಮನುಷ್ಯ ಅವರು. ಅವರ ಪುಟಗಳಿಗೆ ಇನ್ನೂ ಓದುಗರು ಬೇಕಿತ್ತು. ಆದರೆ ಗೆರೆಯನ್ನು ಕಾಣುವುದೇ ಶೋಧವೆಂದಾದರೆ ಜಮಖಂಡಿಗೂ ಬಿಜಾಪುರಕ್ಕೂ ಅಷ್ಟೇ ಪಾಲಿದೆ. ಆ ಆಸೆಗೆ ಕನ್ನಡಿಗನಾಗಿ ನಾನು ಬೀಳಲಾರೆ. ಅದು ಯಾವುದಕ್ಕೂ ಹೊಂದದ ಗೆರೆ ಎಂದು ಅಳೆದು ತೋರಿಸುವುದು ಬೇರೆ ಕೆಲಸ.

ಈ ಜಗಳದಲ್ಲಿ ಯಾವ ಪಕ್ಷಕ್ಕೂ ಬೇಡವಾದವರು ವನಪರ್ತಿಯ ರಘುನಾಥಾಚಾರ್ಯರು. 1867ರಲ್ಲಿ ‘ಆರ್ ರೆಟಿಕ್ಯುಲಿ’ ಎಂಬ ನಕ್ಷತ್ರದ ಬೆಳಕು ಏರಿಳಿಯುತ್ತದೆಂದು ಗುರುತಿಸಿದವರು ಅವರು. ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದುವ ದೃಗ್ಗಣಿತ ಪಂಚಾಂಗ ಹೊರತಂದರು. 1874ರ ಶುಕ್ರಸಂಕ್ರಮಣ ಬರುವ ಮುನ್ನ ಅದರ ಬಗ್ಗೆ ಕಿರುಹೊತ್ತಿಗೆ ಬರೆದು ಹಲವು ಭಾಷೆಗಳಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಕನ್ನಡವೂ ಒಂದು. ಮುಂಚಿತವಾಗಿ ಹೇಳುವುದು, ನೋಡುವುದು, ನೋಡಿದ್ದನ್ನು ಜನರ ಮಾತಿನಲ್ಲಿ ಬರೆಯುವುದು ಮೂರನ್ನೂ ಒಬ್ಬರೇ ಮಾಡಿದ ಉದಾಹರಣೆ ಆ ಕಾಲದ ದಕ್ಷಿಣದಲ್ಲಿ ನನಗೆ ಇನ್ನೊಂದು ಕಾಣುವುದಿಲ್ಲ. ನಮ್ಮ ಪಠ್ಯಪುಸ್ತಕ ಬರೆಯುವವರು ಹೀಲಿಯಂನ ಸಾಲನ್ನು ಕಿತ್ತುಹಾಕಿ, ಅದೇ ಜಾಗದಲ್ಲಿ ಆಗಸ್ಟ್ 19ರ ಗುಂಟೂರನ್ನೂ ಆಚಾರ್ಯರ ಹೊತ್ತಿಗೆಯನ್ನೂ ಇಡಬೇಕು. ಬಿಜಾಪುರ, ಜಮಖಂಡಿಗಳ ಮಾಸ್ತರರಿಗೆ ತಮ್ಮ ಊರಿನಿಂದಲೇ ಪಾಠ ಶುರುಮಾಡಲು ಅಷ್ಟು ಸಾಕು.