ಸೂಟಿ ಮತ್ತು ಖಾಡಾ

ಹಳಿಯಾಳ, ದಾಂಡೇಲಿ ಕಡೆ ರಜೆಗೆ ಎರಡು ಮಾತಿವೆ. ಪಗಾರದವನಿಗೆ ಅದು ಸೂಟಿ, ಕೂಲಿಯವನಿಗೆ ಖಾಡಾ. ತಾರೀಖು ಒಂದೇ. ಒಬ್ಬನಿಗೆ ಮನೆಯಲ್ಲಿ ಕೂತರೂ ಪಗಾರ ಬರುತ್ತದೆ, ಇನ್ನೊಬ್ಬನ ಒಲೆ ಅವತ್ತು ಹೊತ್ತುವುದೇ ಅನುಮಾನ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ ನಮ್ಮ ರಾಜ್ಯದಲ್ಲಿ 1963ರಷ್ಟು ಹಳೆಯದು. ದಾಂಡೇಲಿಯ ಪೇಪರ್ ಮಿಲ್ಲಿನ ಕಾಯಂ ಕಾರ್ಮಿಕನಿಗೆ ಅದು ಜನವರಿ 26ನ್ನು ಪಗಾರದ ಸಮೇತ ಕೊಡುತ್ತದೆ. ಹಳಿಯಾಳದ ಹೊಲಗಳಲ್ಲಿ ಅದು ಕಬ್ಬು ಕಡಿಯುವ ಕಾಲ. ಹೊಲದ ಕೂಲಿಯನ್ನು ಆ ಕಾಯಿದೆ ಮುಟ್ಟುವುದಿಲ್ಲ. (ಮುಟ್ಟದೇ ಇರುವುದು ನಮಗೇನೂ ಹೊಸದಲ್ಲ.) ಆಗಸ್ಟ್ 15 ಬಂದರೆ ಜೋಯಿಡಾದಲ್ಲಿ ಮಳೆ, ಗದ್ದೆ ಕೆಲಸ. ಮಕ್ಕಳು ಝೆಂಡಾಕ್ಕೆ ಹೋಗುತ್ತವೆ, ಅವ್ವ ಕೆಸರಿಗೆ ಇಳಿಯುತ್ತಾಳೆ.

ನಮ್ಮ ವಿಮರ್ಶೆ ಹಬ್ಬ, ಜಾತ್ರೆ, ಆಚರಣೆಗಳನ್ನು ಪಠ್ಯವೆಂದು ಸಾಕಷ್ಟು ಓದಿದೆ. ಸರ್ಕಾರ ವರ್ಷಕ್ಕೊಮ್ಮೆ ಹೊರಡಿಸುವ ರಜಾಪಟ್ಟಿಯನ್ನು ಮಾತ್ರ ಗುಮಾಸ್ತರಿಗೆ ಬಿಟ್ಟುಕೊಟ್ಟಿದೆ. ಯಜಮಾನ ಸಂಸ್ಕೃತಿ ತನ್ನ ಮೌಲ್ಯಗಳನ್ನು ಇಷ್ಟು ನಿಸ್ಸಂಕೋಚವಾಗಿ ಬೇರೆಲ್ಲೂ ಬರೆದುಕೊಂಡಿಲ್ಲ ಅಂತ ನನಗನ್ನಿಸುತ್ತದೆ. ಬಸವ ಜಯಂತಿಯ ಸಾಲಿನಲ್ಲೇ ಅಕ್ಷಯ ತೃತೀಯ. ಕಾಯಕವೆಂದವನ ಮಗ್ಗುಲಿಗೆ ಚಿನ್ನ ಕೊಳ್ಳುವ ಮುಹೂರ್ತ. ಮಹಾಲಯ ಅಮಾವಾಸ್ಯೆ ಸಾರ್ವತ್ರಿಕ ರಜೆ. ಬುದ್ಧ ಪೂರ್ಣಿಮೆ ಪರಿಮಿತ ರಜೆ, ಬೇಕಾದವನು ಅರ್ಜಿ ಕೊಟ್ಟು ಪಡೆಯಬೇಕು. 'ಈ ಜಯಂತಿಗಳ ರಜೆ ಜಾಸ್ತಿಯಾದವು' ಅಂತ ಕೊರಗುವವರ ಕಣ್ಣಿಗೆ ಕನಕ, ವಾಲ್ಮೀಕಿ, ಅಂಬೇಡ್ಕರ್ ಬೀಳುತ್ತಾರೆ. ಮಹಾಲಯ ಅಮಾವಾಸ್ಯೆ ಯಾಕೋ ಬೀಳುವುದಿಲ್ಲ.

ಪಟ್ಟಿಯ ಒಳಗೆ ಬಂದ ಮೇಲೂ ಜಾಗ ಖಾತ್ರಿಯಿಲ್ಲ. 2022ರ ಜನವರಿ 26ರಂದು ರಾಯಚೂರಿನ ನ್ಯಾಯಾಲಯದ ಆವರಣದಲ್ಲಿ ಧ್ವಜಾರೋಹಣಕ್ಕೆ ಮುಂಚೆ ಅಂಬೇಡ್ಕರ್ ಚಿತ್ರ ತೆಗೆಸಿದರೆಂಬ ಆರೋಪ ಬಂತು. ಜನ ಬೀದಿಗಿಳಿದರು. ಮುಂದಿನ ತಿಂಗಳು ಹೈಕೋರ್ಟು, ಇಂಥ ದಿನಗಳಲ್ಲಿ ಆ ಚಿತ್ರ ಇಡಬೇಕೆಂದು ಸುತ್ತೋಲೆ ಹೊರಡಿಸಿತು. ಸಂವಿಧಾನ ಜಾರಿಗೆ ಬಂದು 72 ವರ್ಷವಾದ ಮೇಲೆ, ಅದರ ಹಬ್ಬಕ್ಕೆ ಕರಡು ಸಮಿತಿಯ ಅಧ್ಯಕ್ಷರನ್ನು ಕರೆಯಲು ಒಂದು ಸುತ್ತೋಲೆ ಬೇಕಾಯಿತು!

ಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದ್ದನ್ನು ನೋಡಬೇಕಾದರೆ ಮುಂಡಗೋಡಿಗೆ ಹೋಗಬೇಕು. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರು ಮಾರ್ಚ್ 10ನ್ನು, 1959ರ ಲ್ಹಾಸಾ ಬಂಡಾಯದ ದಿನವೆಂದು ನೆನೆಯುತ್ತಾರೆ. ದೇಶ ಕಳೆದುಕೊಂಡ ಜನ ಯಾವ ಸರ್ಕಾರವನ್ನೂ ಕೇಳದೆ ತಮ್ಮ ರಾಷ್ಟ್ರೀಯ ದಿನ ಮಾಡಿಕೊಂಡಿದ್ದಾರೆ. ಅದೇ ಮುಂಡಗೋಡಿನಲ್ಲಿ, ಹಳಿಯಾಳದಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದವರ, ಗೋವೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಇದ್ದಾರೆ. ಅವರ ದೀಪಾವಳಿ, ಮೊಹರಂ, ಕ್ರಿಸ್‌ಮಸ್‌ಗೆಲ್ಲ ಪಟ್ಟಿಯಲ್ಲಿ ಜಾಗವಿದೆ. ಗುಲಾಮಗಿರಿಯ ಬಿಡುಗಡೆಗೆ ಇಲ್ಲ. 1865ರ ಜೂನ್ 19ರಂದು ಟೆಕ್ಸಾಸಿನ ಗುಲಾಮರಿಗೆ ಬಿಡುಗಡೆಯ ಸುದ್ದಿ ತಲುಪಿತು. ಅಮೆರಿಕ ಆ ದಿನವನ್ನು ರಾಷ್ಟ್ರೀಯ ರಜೆ ಮಾಡಿದ್ದು 2021ರಲ್ಲಿ. ಅಲ್ಲಿಯತನಕ ಕರಿಯರು ತಾವೇ ಅದನ್ನು ಕಾಪಾಡಿಕೊಂಡು ಬಂದಿದ್ದರು.

ನಮಗೂ ಒಂದು ತಾರೀಖು ಇದೆ: 1843ರ ಏಪ್ರಿಲ್ 7. ಮನುಷ್ಯನ ಮೇಲಿನ ಒಡೆತನವನ್ನು ಕೋರ್ಟುಗಳು ಮಾನ್ಯ ಮಾಡಕೂಡದೆಂದು ಕಂಪನಿ ಸರ್ಕಾರ ಕಾಯಿದೆ ಮಾಡಿದ ದಿನ. ಅಂದಿನ ಅವಿಭಜಿತ ಕೆನರಾದಲ್ಲಿ ಒಡೆಯರ ಆಸ್ತಿಯೆಂದು ಎಣಿಸಲ್ಪಡುತ್ತಿದ್ದ ಮೂಲದ ಹೊಲೆಯರಿಗೂ ಅದು ಅನ್ವಯಿಸಿತು. ಜೀತ ಅದರಿಂದ ತಪ್ಪಲಿಲ್ಲ, ನಿಜ. ಜೀತವನ್ನು ಕಾನೂನು ರದ್ದುಮಾಡಲು 1975ರ ಅಕ್ಟೋಬರ್ 25 ಬರಬೇಕಾಯಿತು. ಆ ತಾರೀಖೂ ಪಟ್ಟಿಯಲ್ಲಿಲ್ಲ. ಪರಕೀಯರು ಹೋದದ್ದು ರಾಷ್ಟ್ರಕ್ಕೆ ನೆನಪಿದೆ, ಒಡೆಯನ ಹಿಡಿತ ಸಡಿಲಿದ್ದು ನೆನಪಿಲ್ಲ. ಪಟ್ಟಿ ಬರೆಯುವ ಕೈ ಒಡೆಯನ ಮನೆಯಲ್ಲೇ ಬೆಳೆದದ್ದಲ್ಲವೆ? ಮೊದಲ ಕಾಯಿದೆ ಬಿಳಿಯರದು ಎಂಬ ಮುಜುಗರವೂ ಸೇರಿರಬಹುದು. ಆ ಮುಜುಗರ ನನಗಿಲ್ಲ.

ಏಪ್ರಿಲ್ 7ಕ್ಕೂ 14ಕ್ಕೂ ನಡುವೆ ಒಂದೇ ವಾರ. ಆ ವಾರ ಸಿದ್ದಿಗಳ ದಮಾಮಿಯೂ ನಮ್ಮ ಹಲಗೆಯೂ ಹಳಿಯಾಳದ ಪೇಟೆಯಲ್ಲಿ ಒಟ್ಟಿಗೆ ಸದ್ದು ಮಾಡಬಹುದೆ ಅಂತ ಗೆಳೆಯರನ್ನು ಕೇಳುತ್ತಿದ್ದೇನೆ. ಸೂಟಿ ಕೊಡಿರೆಂದು ಸರ್ಕಾರಕ್ಕೆ ಬರೆಯುವುದು ಆಮೇಲಿನ ಮಾತು. ಮೊದಲ ವರ್ಷ ಖಾಡಾ ಮಾಡಿಯೇ ಬರಬೇಕಾದೀತು.