ಬಾರ್ಮೆನ್ ಘೋಷಣೆ ಬಿಟ್ಟುಹೋದದ್ದು

2019ರ ಕ್ರಿಸ್ಮಸ್ ದಿನ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆಯಾಯಿತು. ಅದನ್ನು ವಿರೋಧಿಸಿ 2020ರ ಜನವರಿ 13ರಂದು ಕನಕಪುರದಲ್ಲಿ ಮೆರವಣಿಗೆ ನಡೆಯಿತು. ಇಂಥ ಸಂದರ್ಭಗಳಲ್ಲಿ ಕ್ರೈಸ್ತ ಬೋಧಕರು 1934ರ ಬಾರ್ಮೆನ್ ಘೋಷಣೆಯ ನೆರವನ್ನು ಬಯಸುವುದು ಸಹಜ. ಆ ಘೋಷಣೆಯೊಂದೇ ಸಾಕಾದ ಮಾರ್ಗದರ್ಶಿಯೇ ಎಂಬುದು ನಮ್ಮ ಪ್ರಶ್ನೆ. (ಕನಕಪುರವು ಬರ್ಲಿನ್ ಅಲ್ಲ, ಮೆರವಣಿಗೆ ಹೊರಟವರಿಗೂ ಮಾತಿನ ಹಕ್ಕುಂಟು.)

ಘೋಷಣೆಯ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಕ್ರಿಸ್ತನೊಬ್ಬನೇ ಸಭೆಯ ಒಡೆಯನೆಂದು ಅದು ಆರು ಪ್ರಮೇಯಗಳಲ್ಲಿ ಸಾರಿತು. ಮನುಷ್ಯನ ಇಡೀ ಬಾಳನ್ನೇ ಆಳಹೊರಡುವ ರಾಜ್ಯದ ಹಕ್ಕುದಾರಿಕೆಯನ್ನು ಐದನೆಯ ಪ್ರಮೇಯದಲ್ಲಿ ತಿರಸ್ಕರಿಸಿತು. ಆದರೆ ಹಿಂಸೆಗೊಳಗಾಗಿದ್ದ ಯೆಹೂದ್ಯರ ಹೆಸರು ಅದರಲ್ಲಿಲ್ಲ. ಸಿನೊಡ್‌ನ ಮುಂದೆ ಅದನ್ನು ವಿವರಿಸಿದ ಹಾನ್ಸ್ ಆಸ್ಮುಸ್ಸೆನ್, ತಾವು ಪ್ರಜೆಗಳಾಗಿ ಹೊಸ ರಾಜ್ಯವನ್ನು ಪ್ರತಿಭಟಿಸುತ್ತಿಲ್ಲವೆಂದು ಸ್ಪಷ್ಟಪಡಿಸಿದರು. ಯೆಹೂದ್ಯರ ಪ್ರಶ್ನೆಯನ್ನು ಅಲ್ಲಿ ಎತ್ತದೆ ಹೋದುದಕ್ಕಾಗಿ ಕಾರ್ಲ್ ಬಾರ್ಟ್ 1967ರಲ್ಲಿ ಬೆಟ್ಗೆ ಅವರಿಗೆ ಬರೆದ ಪತ್ರದಲ್ಲಿ ಪಶ್ಚಾತ್ತಾಪಪಟ್ಟರು.

ಪ್ರಜೆಗಳಾಗಿ ಪ್ರತಿಭಟಿಸಿದವರು ಬೇರೆ ಇದ್ದರು. ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆ ನಡೆದ ಕೆಲವೇ ತಿಂಗಳುಗಳಲ್ಲಿ, 1924ರ ಫೆಬ್ರವರಿ 22ರಂದು, ಮಾಗ್ಡೆಬರ್ಗ್ ನಗರದಲ್ಲಿ ಒಂದನೆಯ ಮಹಾಯುದ್ಧದ ಮಾಜಿ ಸೈನಿಕರು ರೈಖ್ಸ್‌ಬ್ಯಾನರ್ ಎಂಬ ಸಂಘವನ್ನು ಕಟ್ಟಿದರು. ಸೋಶಿಯಲ್ ಡೆಮಾಕ್ರಟರೇ ಅದರಲ್ಲಿ ಬಹುಸಂಖ್ಯಾತರು. ಕ್ಯಾಥೊಲಿಕರ ಸೆಂಟರ್ ಪಕ್ಷದವರೂ ಉದಾರವಾದಿಗಳೂ ಜೊತೆಗೂಡಿದರು. ಗಣರಾಜ್ಯದ ಕಪ್ಪು, ಕೆಂಪು, ಬಂಗಾರ ಬಣ್ಣದ ಬಾವುಟವನ್ನು ಬೀದಿಯಲ್ಲಿ ಹಿಡಿದು ಸಭೆಗಳಿಗೆ ಕಾವಲು ನಿಂತರು. ಅದೇ ಕಾಲಕ್ಕೆ ಪ್ರೊಟೆಸ್ಟಂಟ್ ಬೋಧಕರಲ್ಲಿ ಹೆಚ್ಚಿನವರು ಗಣರಾಜ್ಯವನ್ನು ಸೋಲಿನ ಕೂಸೆಂದು ಬಗೆದು ಕೈಸರನ ಕಾಲಕ್ಕಾಗಿ ಹಂಬಲಿಸುತ್ತಿದ್ದರು. ಬಾರ್ಮೆನ್ನಿನ ಮೌನಕ್ಕೆ ಬೇರು ಇಲ್ಲಿದೆಯೆಂದು ನಾವು ಭಾವಿಸುತ್ತೇವೆ: ಗಣರಾಜ್ಯವನ್ನು ತಮ್ಮದೆಂದು ಎಂದೂ ತಿಳಿಯದವರಿಗೆ ಅದರ ಸಾವು ವಿಶ್ವಾಸದ ಪ್ರಶ್ನೆಯಾಗಿ ತೋರಲಿಲ್ಲ, ತಮ್ಮ ಸಭೆಗೆ ಕೈ ಹಾಕಿದಾಗಲೇ ತೋರಿದ್ದು.

ಇದು ನಮ್ಮ ನೆಲಕ್ಕೂ ಅನ್ವಯಿಸುವ ಮಾತು. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯನವರು ಸದಸ್ಯರಾಗಿದ್ದ ಸಂವಿಧಾನ ರಚನಾ ಸಭೆ 25ನೆಯ ಅನುಚ್ಛೇದದಲ್ಲಿ ಧರ್ಮಸ್ವಾತಂತ್ರ್ಯವನ್ನು ಕೊಟ್ಟದ್ದು ಎಲ್ಲ ವ್ಯಕ್ತಿಗಳಿಗೆ. ಹಾರೋಬೆಲೆಗಾಗಿ ಆ ಅನುಚ್ಛೇದವನ್ನು ಉದ್ಧರಿಸುವ ಬೋಧಕನು, ಚನ್ನಪಟ್ಟಣದಲ್ಲೋ ಮಾಗಡಿಯಲ್ಲೋ ಅನ್ಯಧರ್ಮದವನ ಹಕ್ಕಿಗೆ ಅಡ್ಡಿಯಾದಾಗಲೂ ಅದನ್ನೇ ಉದ್ಧರಿಸುವನೇ? ಬಾರ್ಮೆನ್ನಿನ ಪಠ್ಯ ಅವನನ್ನು ಹಾಗೆ ಒತ್ತಾಯಿಸುವುದಿಲ್ಲ. ಒಳ್ಳೆಯ ಸಮಾರ್ಯದವನ ಸಾಮ್ಯವು ಒತ್ತಾಯಿಸುತ್ತದೆ.

ಇಬ್ಬರು ಮಾಜಿ ಯೋಧರನ್ನು ಹೋಲಿಸಿ ನೋಡಬಹುದು. ಜಲಾಂತರ್ಗಾಮಿಯ ನಾಯಕರಾಗಿದ್ದ ಮಾರ್ಟಿನ್ ನೀಮೊಲ್ಲರ್ 1933ರಲ್ಲಿ ನಾತ್ಸಿಗಳಿಗೆ ಮತ ಹಾಕಿದ್ದರು. ಮುಂದೆ ಸಭೆಯ ಪರವಾಗಿ ಧೈರ್ಯದಿಂದ ನಿಂತು 1937ರಲ್ಲಿ ಬಂಧಿತರಾದರು. ಯುದ್ಧದಲ್ಲಿ ಬಲತೋಳು ಕಳೆದುಕೊಂಡಿದ್ದ, ರೈಖ್ಸ್‌ಬ್ಯಾನರಿನ ಕುರ್ಟ್ ಶೂಮಾಖರ್ 1932ರ ಫೆಬ್ರವರಿಯಲ್ಲೇ ಸಂಸತ್ತಿನಲ್ಲಿ ನಾತ್ಸಿಗಳನ್ನು ಮುಖಕ್ಕೆ ಮುಖ ಕೊಟ್ಟು ಖಂಡಿಸಿದ್ದರು. 1941ರಲ್ಲಿ ನೀಮೊಲ್ಲರ್ ಅವರನ್ನು ಡಾಖೌ ಶಿಬಿರಕ್ಕೆ ತಂದಾಗ, ಶೂಮಾಖರ್ ಆಗಲೇ ಅಲ್ಲಿ ಸೆರೆಯಲ್ಲಿದ್ದರು.