ಶಿಷ್ಯತ್ವ ಮತ್ತು ತಕರಾರು: ಕೇರಿಯ ಸತ್ಯವೇದದ ಓದು

1

ಕನ್ನಡ ಸಾಹಿತ್ಯ ಚರಿತ್ರೆ ಬರೆದವರು ಮಿಶನರಿಗಳಿಗೆ ಒಂದು ಅಧ್ಯಾಯ ಮೀಸಲಿಟ್ಟೇ ಇಡುತ್ತಾರೆ. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತಂದದ್ದು, 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲ್ ಕೋಶ ಬಂದದ್ದು ಎಲ್ಲವೂ ಅಲ್ಲಿವೆ. ಅಚ್ಚು ಹಾಕಿದವರ ಲೆಕ್ಕ ಸಿಗುತ್ತದೆ, ಪದ ಕೂಡಿಸಿದವರ ಲೆಕ್ಕ ಸಿಗುತ್ತದೆ. ಆದರೆ ಆ ಪುಸ್ತಕವನ್ನು ಯಾರು ಓದಿದರು, ಓದಿ ಏನಂದರು ಎಂಬ ಪ್ರಶ್ನೆಯನ್ನು ಆ ಅಧ್ಯಾಯ ಕೇಳುವುದೇ ಇಲ್ಲ. ಯಾಕೆ ಕೇಳುವುದಿಲ್ಲ ಎಂಬುದಕ್ಕೆ ಉತ್ತರ ಸರಳವಾಗಿದೆ. ಓದಿದವರು ಹೊಲೆಮಾದಿಗರು. ಅವರನ್ನು ಮತಾಂತರದ ಲೆಕ್ಕದಲ್ಲಿ ಎಣಿಸಿದರು, ಓದುಗರ ಲೆಕ್ಕದಲ್ಲಿ ಎಣಿಸಲಿಲ್ಲ.

ನಾನು ಖಜೂರಿಯವನು. ಆಳಂದದಿಂದ ಉಮರ್ಗಾ ಕಡೆ ಹೋಗುವ ದಾರಿಯಲ್ಲಿ, ಕರ್ನಾಟಕ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಸಿಗುವ ಊರು ನಮ್ಮದು. 1948ರವರೆಗೆ ನಿಜಾಮನ ಸೀಮೆ. ಸಂತೆಯಲ್ಲಿ ಮರಾಠಿ, ಕಚೇರಿ ಕಾಗದದಲ್ಲಿ ಹಳೆ ಉರ್ದು, ಮನೆಯಲ್ಲಿ ನಮ್ಮ ಕನ್ನಡ. ಬೀದರ ಕಲಬುರಗಿ ಭಾಗದ ಕೇರಿಗಳಿಗೆ ಅಮೆರಿಕದ ಮೆಥೋಡಿಸ್ಟ್ ಮಿಶನ್ನಿನವರು ಬಂದು ನೂರು ವರ್ಷದ ಮೇಲಾಯಿತು. ನಾನು ಹೇಳಹೊರಟದ್ದು ಮಿಶನ್ನಿನ ಕಥೆಯಲ್ಲ. ನಮ್ಮ ಓಣಿಯ ಒಂದು ಮನೆಯಲ್ಲಿ, ಕಂದೀಲಿನ ಬೆಳಕಿನಲ್ಲಿ, ವಾರಕ್ಕೊಂದು ರಾತ್ರಿ ನಡೆಯುತ್ತಿದ್ದ ಓದಿನ ಕಥೆ.

ಆಗ ನಾನು ಏಳನೆತ್ತೆ. ತೊಗರಿ ಹೊಲದಲ್ಲಿ ಕಳೆ ತೆಗೆದು ಬಂದ ಏಳೆಂಟು ಹೆಣ್ಣುಮಕ್ಕಳು, ಇಬ್ಬರು ಮೂವರು ಮುದುಕರು. ಅಕ್ಷರ ಬರುತ್ತಿದ್ದದ್ದು ನನಗೊಬ್ಬನಿಗೆ. ಸತ್ಯವೇದದ ಜೊತೆಗೆ ಒಂದು ಸಣ್ಣ ಪುಸ್ತಕ ಇರುತ್ತಿತ್ತು. ಶಿಷ್ಯತ್ವದ ಪಾಠಗಳು ಅದರಲ್ಲಿ: ಮೊದಲು ಒಂದು ಭಾಗ ಓದಬೇಕು, ಆಮೇಲೆ ಪ್ರಶ್ನೆ, ಪ್ರಶ್ನೆಯ ಕೆಳಗೆ ಖಾಲಿ ಗೆರೆ. ತುಂಬಿದ ಪುಸ್ತಕವನ್ನು ತಿಂಗಳಿಗೊಮ್ಮೆ ಬರುವ ಪಾಸ್ಟರರು ನೋಡಿ ಗೀಟು ಹಾಕುತ್ತಿದ್ದರು.

ಒಂದು ರಾತ್ರಿ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯ ಬಂತು. ತೂರ್ ಪಟ್ಟಣದ ಸೀಮೆಯಲ್ಲಿ ಒಬ್ಬ ಅನ್ಯಜಾತಿಯ ಹೆಂಗಸು ಬಂದು ಯೇಸುವಿನ ಕಾಲಿಗೆ ಬೀಳುತ್ತಾಳೆ. ಮಗಳಿಗೆ ದೆವ್ವ ಬಡಿದಿದೆ, ಬಿಡಿಸು ಎನ್ನುತ್ತಾಳೆ. ಮಕ್ಕಳ ರೊಟ್ಟಿಯನ್ನು ನಾಯಿಗೆ ಹಾಕುವುದು ಸರಿಯಲ್ಲ ಎಂಬರ್ಥದ ಮಾತು ಅವನ ಬಾಯಿಂದ ಬರುತ್ತದೆ. ಅವಳು ಸುಮ್ಮನಾಗುವುದಿಲ್ಲ. ಮೇಜಿನ ಕೆಳಗಿನ ನಾಯಿಗೂ ಮಕ್ಕಳ ಕೈಯಿಂದ ಉದುರಿದ್ದು ಸಿಗುತ್ತದಲ್ಲ ಎಂದು ಅವನ ಮಾತನ್ನೇ ಹಿಡಿದು ತಿರುಗಿಸುತ್ತಾಳೆ. ಮಗಳು ವಾಸಿಯಾಗುತ್ತಾಳೆ.

ಪುಸ್ತಕದ ಪ್ರಶ್ನೆ: ಈ ಸ್ತ್ರೀಯಿಂದ ನಾವು ಕಲಿಯತಕ್ಕ ಗುಣ ಯಾವುದು? ಹಿಂದಿನ ಪುಟದಲ್ಲಿ ಉತ್ತರವೂ ಇತ್ತು: ದೀನತೆ. ನಾನು ಓದಿ ಹೇಳಿದೆ. ಗೋಡೆಗೊರಗಿ ಕೂತಿದ್ದ ನಮ್ಮ ಆಯಿ ಎದ್ದು ಕೂತಳು.

"ದೀನತನ ಎಲ್ಲದಪ್ಪಾ ಇದ್ರಾಗ? ಅಕಿ ತಿರುಗಿ ಮಾತಾಡ್ಯಾಳ. ಸ್ವಾಮಿ ಮಾತು ಸ್ವಾಮಿಗೇ ಹಚ್ಯಾಳ. ಗೌಡ್ರ ಬಾಗಲದಾಗ ನಾವು ರೊಟ್ಟಿಗಿ ನಿಂತಾಗ ಹಿಂಗ ಒಂದು ಮಾತಾಡಿದ್ವೇನು? ಮಾತಾಡಿದ್ರ ರೊಟ್ಟಿ ಹಾಕತಿದ್ರೇನು?"

ಯಾರೂ ನಗಲಿಲ್ಲ. ಆ ಬುಟ್ಟಿ ಹಿಡಿದು ನಿಂತವರೇ ಅಲ್ಲಿ ಕೂತವರೆಲ್ಲ. ಆಮೇಲೆ ಬಹಳ ಹೊತ್ತು ಮಾತು ನಡೆಯಿತು. ದೇವರೂ ನಾಯಿ ಅಂತಾನೇನು ಎಂದು ಒಬ್ಬಾಕೆ ಕೇಳಿದಳು. ಅಂದ, ಆದ್ರ ತಪ್ಪು ತಿದ್ದಿಕೊಂಡ, ಗೌಡ ತಿದ್ದಿಕೊಳ್ಳಂಗಿಲ್ಲ ಎಂದು ಆಯಿ ಹೇಳಿದಳು. ನಾನು ಮಾತ್ರ ಖಾಲಿ ಗೆರೆಯಲ್ಲಿ ದೀನತೆ ಎಂದೇ ಬರೆದೆ. ಪಾಸ್ಟರರು ನೋಡುತ್ತಾರಲ್ಲ. ಅವರು ಗೀಟು ಹಾಕಿ ಭೇಷ್ ಅಂದರು. ಇಷ್ಟು ವರ್ಷದ ಮೇಲೆ ಈ ಲೇಖನ ಬರೆಯಲು ಕೂತಿರುವುದು ಆ ಉತ್ತರವನ್ನು ತಿದ್ದುವುದಕ್ಕಾಗಿ.

2

ಆಯಿಯ ಓದನ್ನು ಭಾವುಕವಾಗಿ ಮೆಚ್ಚಿಕೊಂಡು ಬಿಟ್ಟರೆ ಅದಕ್ಕೆ ಅನ್ಯಾಯ ಮಾಡಿದಂತೆ. ಅದನ್ನು ಪಠ್ಯದ ಎದುರು ಇಟ್ಟು ನೋಡಬೇಕು. ಇದೇ ಪ್ರಸಂಗ ಮತ್ತಾಯನಲ್ಲೂ ಇದೆ, ಹದಿನೈದನೆಯ ಅಧ್ಯಾಯದಲ್ಲಿ. ಅಲ್ಲಿ ಯೇಸು ಆ ಹೆಂಗಸಿನ ನಂಬಿಕೆ ದೊಡ್ಡದು ಎಂದು ಮೆಚ್ಚುತ್ತಾನೆ. ಮಾರ್ಕನಲ್ಲಿ ನಂಬಿಕೆ ಎಂಬ ಪದವೇ ಇಲ್ಲ. ಅಲ್ಲಿ ಮಗಳು ವಾಸಿಯಾಗುವುದು ಅವಳಾಡಿದ ಆ ಮಾತಿನ ಕಾರಣಕ್ಕೆ. ಎರಡನ್ನೂ ಕೂಡಿಸಿ ಓದಿದರೆ ತಿಳಿಯುವುದು ಇಷ್ಟು: ಮತ್ತಾಯ ಯಾವುದನ್ನು ನಂಬಿಕೆ ಎನ್ನುತ್ತಾನೋ ಮಾರ್ಕ ಅದನ್ನು ಮಾತು ಎನ್ನುತ್ತಾನೆ. ದೀನತೆ ಎಂಬುದು ಎರಡರಲ್ಲೂ ಇಲ್ಲ. ಅದು ಪಾಠದ ಪುಸ್ತಕ ಬರೆದವರು ಹೊರಗಿನಿಂದ ತಂದದ್ದು. ಓದಲು ಬಾರದ ಆಯಿ ಪಠ್ಯಕ್ಕೆ ಹತ್ತಿರವಿದ್ದಳು, ಓದಿದವರು ದೂರವಿದ್ದರು.

ಆದರೆ ಒಂದು ತಕರಾರು ಆಯಿಯ ಓದಿನ ಮೇಲೂ ಇದೆ. ಗೆರ್ಡ್ ಥೈಸನ್ ಎಂಬ ಜರ್ಮನ್ ವಿದ್ವಾಂಸರು ಈ ಪ್ರಸಂಗದ ಸಾಮಾಜಿಕ ಹಿನ್ನೆಲೆಯನ್ನು ಕೆದಕಿದ್ದಾರೆ. ತೂರ್ ಸಿರಿವಂತ ವ್ಯಾಪಾರಿ ಪಟ್ಟಣ. ಗಲಿಲಾಯದ ರೈತರು ಬೆಳೆದ ಕಾಳು ಆ ಪಟ್ಟಣದ ಹೊಟ್ಟೆಗೆ ಹೋಗುತ್ತಿತ್ತು. ಹೀಗಿರುವಾಗ ಆ ಹೆಂಗಸು ಬಡವಿಯಲ್ಲ, ಗ್ರೀಕ್ ಸಂಸ್ಕೃತಿಯ ಉಳ್ಳವರ ಪೈಕಿ ಇದ್ದಿರಬಹುದು ಎಂಬುದು ಅವರ ವಾದ. ಹಾಗಿದ್ದರೆ ರೊಟ್ಟಿಯ ಮಾತಿಗೆ ಬೇರೆಯೇ ಅರ್ಥ ಬರುತ್ತದೆ. ಹಸಿದವರ ಕಡೆಯವನು ಉಂಡವರಿಗೆ ಆಡಿದ ಮಾತಾಗುತ್ತದೆ. ದಲಿತ ವಿಮರ್ಶೆ ಈ ವಾದವನ್ನು ಮುಚ್ಚಿಡಬೇಕಾಗಿಲ್ಲ. ಕೇರಿಯ ಓದು ಚರಿತ್ರೆಯ ವಿಷಯದಲ್ಲಿ ತಪ್ಪಬಹುದು. ಅದು ತಪ್ಪದೆ ಹಿಡಿಯುವುದು ಅಧಿಕಾರದ ಎದುರು ಮಾತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು. ಬಾಗಿಲಲ್ಲಿ ನಿಂತವರಿಗೆ ಗೊತ್ತಿರುವ ಈ ವಿದ್ಯೆ ಗ್ರಂಥಾಲಯದಲ್ಲಿ ಸಿಗುವುದಿಲ್ಲ.

3

ಶಿಷ್ಯ ಎಂಬ ಪದವನ್ನು ನಮ್ಮವರು ಕೇಳುವಾಗ ಅದರ ಹಿಂದೆ ಏಕಲವ್ಯನ ಬೆರಳು ಇರುತ್ತದೆ. ಕಲಿತದ್ದಕ್ಕೆ ಕೊಡಬೇಕಾದ ಬೆಲೆ ಅದು. ದೀಕ್ಷೆ, ಗುರುಕಾರುಣ್ಯ, ಮಂತ್ರೋಪದೇಶ ಇವೆಲ್ಲ ಇದ್ದ ನಾಡಿನಲ್ಲಿ ಯಾರು ಶಿಷ್ಯರಾಗಬಹುದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣ ನಮಗೆ ದೂರವಲ್ಲ. ಹರಳಯ್ಯನ ಮನೆಯ ನಂಟಸ್ತನದಿಂದ ಅಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಖಜೂರಿಯ ಕೋರಣೇಶ್ವರ ಮಠದ ಸ್ವಾಮಿಗಳು 2020ರಲ್ಲಿ ಗದಗ ಜಿಲ್ಲೆಯ ಅಸೂಟಿಯ ಶಾಖಾಮಠಕ್ಕೆ ಒಬ್ಬ ಮುಸ್ಲಿಂ ಯುವಕನನ್ನು ಅಧಿಪತಿ ಮಾಡಿದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಒಳ್ಳೆಯ ಕೆಲಸ, ಸಂಶಯವಿಲ್ಲ. ಆದರೆ ಒಬ್ಬ ಬೇರೆಯವನು ಶಿಷ್ಯನಾಗುವುದು ಸುದ್ದಿಯಾಗುವ ನೆಲ ಇದು ಎಂಬುದೂ ಅದರಿಂದಲೇ ತಿಳಿಯುತ್ತದೆ.

ಇಂಥ ನೆಲದಲ್ಲಿ ಕೇರಿಯ ಕೈಗೆ ಬಂದ ಪುಸ್ತಕದ ಹೆಸರು ಸತ್ಯವೇದ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದು ಧರ್ಮಸೂತ್ರ ಹೇಳಿತ್ತು. ಶೂದ್ರನಿಗಿಂತ ಕೆಳಗೆ ಇಟ್ಟವರು ವೇದ ಎಂಬ ಹೆಸರಿನದೊಂದು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಊರ ನಡುವೆ ಹಾದು ಹೋದರು. ಹೆಸರಿಟ್ಟವರಿಗೆ ಇದರ ಪರಿವೆ ಎಷ್ಟಿತ್ತೋ, ಹೊತ್ತವರಿಗೆ ಚೆನ್ನಾಗಿಯೇ ಇತ್ತು. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹಚ್ಚಿದಾಗ ನಮ್ಮವರು ದೂರ ಕೂತು ಕೇಳಿದವರು. ಈಗ ಓದುವವರೂ ನಾವೇ, ಬಿಡಿಸಿ ಹೇಳುವವರೂ ನಾವೇ. ಸತ್ಯವೇದದ ಕನ್ನಡ ಖಜೂರಿಯ ಕನ್ನಡವಲ್ಲ. ನಾನು 'ಕರ್ತನು ಆಕೆಗೆ' ಎಂದು ಓದಿ, ಅದನ್ನೇ 'ಸ್ವಾಮಿ ಅಕಿಗಿ' ಎಂದು ತಿರುಗಿ ಹೇಳಬೇಕು. ಆ ತಿರುವಿನಲ್ಲೇ ವ್ಯಾಖ್ಯಾನ ಹುಟ್ಟುತ್ತಿತ್ತು.

ಸುವಾರ್ತೆಯ ಗ್ರೀಕಿನಲ್ಲಿ ಶಿಷ್ಯ ಎಂಬುದಕ್ಕಿರುವ ಪದದ ಅರ್ಥ ಕಲಿಯುವವನು ಎಂದಷ್ಟೇ. ಮಾರ್ಕನನ್ನು ಮೊದಲಿಂದ ಕೊನೆಯವರೆಗೆ ಓದಿದವರಿಗೆ ಗೊತ್ತು, ಹನ್ನೆರಡು ಮಂದಿ ಶಿಷ್ಯರಿಗೆ ಪದೇ ಪದೇ ಏನೂ ತಿಳಿಯುವುದಿಲ್ಲ. ಕೊನೆಗೆ ಎಲ್ಲರೂ ಓಡಿಹೋಗುತ್ತಾರೆ. ಶಿಷ್ಯರೆಂದು ಯಾರೂ ಕರೆಯದ ಕುರುಡ, ವಿಧವೆ, ಈ ತೂರಿನ ಹೆಂಗಸು ಇಂಥವರಿಗೆ ತಿಳಿಯುತ್ತದೆ. ಶಿಷ್ಯತ್ವದ ಪಾಠದ ಪುಸ್ತಕಗಳು ಈ ವಿಪರ್ಯಾಸವನ್ನು ನುಂಗಿ, ವಿಧೇಯತೆಯನ್ನು ಮಾತ್ರ ಉಳಿಸಿಕೊಂಡವು.

4

ನಮ್ಮ ಊರಿನಿಂದ ಬಹಳ ದೂರವಿಲ್ಲದ ಸೊಲ್ಲಾಪುರದಲ್ಲಿ, 1938ರ ಜನವರಿ 1ರಂದು ಬಾಬಾಸಾಹೇಬ ಅಂಬೇಡ್ಕರರು ಕ್ರೈಸ್ತರ ಸಭೆಯಲ್ಲಿ ಮಾತಾಡಿದರು. ಬುದ್ಧ ಮತ್ತು ಕ್ರಿಸ್ತ ಇಬ್ಬರೂ ತಮ್ಮನ್ನು ಸೆಳೆದಿದ್ದಾರೆ ಎಂದರು. ಅದರ ಜೊತೆಗೇ, ದಕ್ಷಿಣದ ಚರ್ಚುಗಳಲ್ಲಿ ಜಾತಿ ಉಳಿದಿರುವುದನ್ನೂ, ಕ್ರೈಸ್ತರಾದ ಅಸ್ಪೃಶ್ಯರು ರಾಜಕೀಯವಾಗಿ ಹಿಂದೆ ಬಿದ್ದಿರುವುದನ್ನೂ ಮುಖಕ್ಕೆ ಹೊಡೆದಂತೆ ಹೇಳಿದರು. 1989ರಲ್ಲಿ ಪ್ರಕಟವಾದ ಅವರ ಬರಹಗಳ ಐದನೆಯ ಸಂಪುಟದಲ್ಲಿ ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಒಂದು ಲೇಖನವಿದೆ. ಅದರ ವಾದ ಹರಿತವಾದದ್ದು. ನಿನ್ನ ಬೀಳುವಿಕೆಗೆ ನಿನ್ನ ಪಾಪವೇ ಕಾರಣ ಎಂದು ಕಲಿಸಿದರೆ, ಅವನನ್ನು ಬೀಳಿಸಿದ ಸಮಾಜದ ಕಡೆಗೆ ಅವನ ಕಣ್ಣು ಹೋಗುವುದೇ ಇಲ್ಲ.

ಖಾಲಿ ಗೆರೆಯ ಪುಸ್ತಕಗಳ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆ ಇನ್ನೊಂದಿಲ್ಲ. ಜೀತಕ್ಕಿದ್ದವನಿಗೆ ಪಾಪದ ಪಟ್ಟಿ ಮಾಡಲು ಹಚ್ಚಿದರು, ಸಾಲದ ಪಟ್ಟಿ ಮಾಡಲು ಹಚ್ಚಲಿಲ್ಲ. ಆದರೂ ನನ್ನದೊಂದು ಮಾತು ಸೇರಿಸಬೇಕು. ಬಾಬಾಸಾಹೇಬರು ವಿಮರ್ಶೆ ಮಾಡಿದ್ದು ಕಲಿಸಿದ್ದನ್ನು. ಕಲಿಸಿದ್ದೇ ಬೇರೆ, ಕೇರಿ ಕಲಿತದ್ದೇ ಬೇರೆ. ಈ ನಡುವಿನ ಜಾಗವನ್ನು ನಾವು ನೋಡಿಲ್ಲ.

ಅಮೆರಿಕದ ಕರಿಯ ಚಿಂತಕ ಹಾವರ್ಡ್ ಥರ್ಮನ್ 1949ರಲ್ಲಿ ತಮ್ಮ ಅಜ್ಜಿಯ ಬಗ್ಗೆ ಬರೆದಿದ್ದಾರೆ. ಗುಲಾಮಳಾಗಿ ಹುಟ್ಟಿದ ಆಕೆಗೆ ಓದು ಬಾರದು. ಮೊಮ್ಮಗನೇ ಓದಿ ಹೇಳಬೇಕು. ಆದರೆ ಪೌಲನ ಪತ್ರಗಳನ್ನು ಆಕೆ ಓದಿಸುತ್ತಿರಲಿಲ್ಲ, ಪ್ರೀತಿಯ ಬಗೆಗಿನ ಒಂದು ಅಧ್ಯಾಯ ಬಿಟ್ಟು. ಯಾಕೆಂದರೆ ಒಡೆಯ ಕರೆತರುತ್ತಿದ್ದ ಬೋಧಕ, ಗುಲಾಮರು ವಿಧೇಯರಾಗಿರಬೇಕೆಂಬ ಪೌಲನ ಮಾತನ್ನೇ ಮತ್ತೆ ಮತ್ತೆ ಹಿಡಿದುಕೊಳ್ಳುತ್ತಿದ್ದ. ಇದನ್ನು ಓದಿದಾಗ ನನಗೆ ಆಯಿ ನೆನಪಾದಳು. ನಮ್ಮ ಸತ್ಯವೇದದಲ್ಲಿ ಗುಲಾಮ ಎಂಬಲ್ಲಿ ದಾಸ ಎಂದಿದೆ. ಕನ್ನಡದಲ್ಲಿ ದಾಸ ಎಂದರೆ ಪುರಂದರದಾಸರು ಕಣ್ಣ ಮುಂದೆ ಬರುತ್ತಾರೆ, ತಂಬೂರಿ ಕೇಳಿಸುತ್ತದೆ. ಜೀತದಾಳು ಎಂದು ಓದಿ ನೋಡಿ. ಫಿಲೆಮೋನನಿಗೆ ಬರೆದ ಪತ್ರ ಆಗ ಭಕ್ತಿಯ ಕಾಗದವಾಗಿ ಉಳಿಯುವುದಿಲ್ಲ. ಒಡೆಯನನ್ನು ಬಿಟ್ಟು ಬಂದ ಆಳನ್ನು ಒಡೆಯನಲ್ಲಿಗೇ ತಿರುಗಿ ಕಳಿಸುವ ಕಾಗದವಾಗುತ್ತದೆ. ಅವನನ್ನು ಸಹೋದರನೆಂದು ಸ್ವೀಕರಿಸು ಎಂಬ ಮಾತು ಅದರಲ್ಲಿದೆ, ನಿಜ. ಜೀತ ಪದ್ಧತಿ ರದ್ದಾಗುವ 1976ರ ಕಾನೂನಿಗೆ ಮುಂಚೆ ಆಳಾಗಿದ್ದ ನಮ್ಮ ಮುತ್ಯಾ ಕೇಳಿದ್ದು ಒಂದೇ: "ಅಣ್ಣ ತಮ್ಮ ಅನ್ನಲಿ, ಸಾಲದ ಚೀಟಿ ಹರದಾನೇನು?"

5

ಇನ್ನೊಂದು ಖಾಲಿ ಗೆರೆ ಉಂಟು, ಅದು ಸರ್ಕಾರದ ಅರ್ಜಿಯಲ್ಲಿ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯವರು ಹಿಂದೂಗಳೇ ಆಗಿರಬೇಕೆಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗುಳಿದರು. 2007ರ ರಂಗನಾಥ ಮಿಶ್ರಾ ಆಯೋಗದ ವರದಿ ಈ ಧರ್ಮದ ಷರತ್ತನ್ನು ತೆಗೆಯಿರಿ ಎಂದಿತು. 2022ರಲ್ಲಿ ಇದನ್ನೇ ನೋಡಲು ಇನ್ನೊಂದು ಆಯೋಗ ರಚಿಸಿದರು. ಇದರ ಫಲ ಏನೆಂದರೆ, ಕೇರಿಯ ಎಷ್ಟೋ ಮಂದಿಗೆ ಎರಡು ಹೆಸರು. ಸಾಲಿ ದಾಖಲೆಯಲ್ಲಿ ಒಂದು, ಪ್ರಾರ್ಥನೆಯಲ್ಲಿ ಒಂದು. ನನಗೂ ಹಾಗೇ. ಕಂದೀಲಿನ ಮುಂದೆ ಒಂದು ಹೆಸರಿನಿಂದ ಓದಿದ್ದು, ಅರ್ಜಿಯ ಗೆರೆಯಲ್ಲಿ ಇನ್ನೊಂದು ಹೆಸರಿನಿಂದ ಬರೆದದ್ದು. ನಂಬಿಕೆಯಲ್ಲಿ ಬೆಳೆಯಿರಿ ಎಂದು ಪೀಠದಿಂದ ಹೇಳುವವರು, ಬಹಿರಂಗವಾಗಿ ಬೆಳೆದರೆ ಮಕ್ಕಳ ಸ್ಕಾಲರ್‌ಶಿಪ್ ಹೋಗುವ ಮನೆಯಲ್ಲಿ ಕೂತು ಆ ಮಾತು ಹೇಳಬೇಕು.

ನಮ್ಮ ಚಳವಳಿಯೂ ಇಲ್ಲಿ ತಪ್ಪಿದೆ. 1973ರ ಬೂಸಾ ಪ್ರಕರಣದಿಂದ ಎದ್ದ ಎಚ್ಚರ ಕನ್ನಡ ಸಾಹಿತ್ಯವನ್ನೇ ಪ್ರಶ್ನಿಸಿತು. ಆದರೆ ಕೇರಿಯೊಳಗಿನ ಪ್ರಾರ್ಥನೆಯ ಓದನ್ನು ಅಫೀಮೆಂದು ದೂರವಿಟ್ಟಿತು. ಇನ್ನೊಂದು ಕಡೆ, 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಶೂದ್ರ ದೇವಶಾಸ್ತ್ರ ಬೇಕೆಂದು ಮಾತಾಡಿದರು. ದಲಿತ ದೇವಶಾಸ್ತ್ರ ಎಂಬ ಚಿಂತನೆಗೆ ಅಲ್ಲಿಂದ ದಾರಿಯಾಯಿತು. ಅದು ಬಹುಪಾಲು ಇಂಗ್ಲಿಷಿನಲ್ಲೇ ಬೆಳೆಯಿತು. ಖಜೂರಿಯ ಓಣಿಗೆ ಅದರ ಒಂದು ಕಿರುಹೊತ್ತಿಗೆಯೂ ಬರಲಿಲ್ಲ. ಬಂದದ್ದು ದೀನತೆಯ ಪಾಠ.

ದಲಿತ ವಿಮರ್ಶೆ ಎಂದರೆ ದಲಿತರು ಬರೆದದ್ದರ ವಿಮರ್ಶೆ ಮಾತ್ರವಲ್ಲ. ದಲಿತರು ಓದಿದ್ದರ ಚರಿತ್ರೆಯೂ ಅದರೊಳಗೆ ಬರಬೇಕು. ಬೀದರ, ಕಲಬುರಗಿ, ರಾಯಚೂರು ಭಾಗದ ಕೇರಿಗಳಲ್ಲಿ ಇಂಥ ಓದಿನ ಮನೆಗಳಲ್ಲಿ ಕೂತಿದ್ದ ಮುದುಕಿಯರು ಇನ್ನೂ ಕೆಲವರಿದ್ದಾರೆ. ಎಲ್ಲರ ಕೈಯಲ್ಲೂ ಈಗ ಮೊಬೈಲ್ ಇದೆ. ಹೋಗಿ, ಸತ್ಯವೇದದ ಒಂದು ಪ್ರಸಂಗ ಓದಿ ಹೇಳಿ, ಸುಮ್ಮನೆ ಕೂತು ಅವರ ಮಾತನ್ನು ಹಿಡಿದಿಡಿ. ಹಿಂದಿನ ಪುಟದ ಉತ್ತರ ಮಾತ್ರ ಓದಬೇಡಿ.

ನಮ್ಮ ಆಯಿ ಈಗಿಲ್ಲ. ಆ ಸಣ್ಣ ಪುಸ್ತಕ ನನ್ನ ಬಳಿ ಇದೆ. ದೀನತೆ ಎಂದು ಬರೆದದ್ದನ್ನು ಹೊಡೆದುಹಾಕಿ, ಅದರ ಕೆಳಗೆ 'ತಿರುಗಿ ಮಾತಾಡ್ಯಾಳ' ಎಂದು ಬರೆದಿದ್ದೇನೆ.